ಅಲುಗಾಡದವರು ಮನುಷ್ಯರಲ್ಲ

ಬರೆದು ಅಭ್ಯಾಸವಿಲ್ಲ; ಕೆಡಿಸಿ ಹೇಳಿದರೆ ಕ್ಷಮಿಸಬೇಕು. ಯಂತ್ರಕ್ಕೆ ಲೋಕವನ್ನು ವಿವರಿಸಲು ಹೊರಟವರಿಗೆ ಇಂಥ ಎಡವಟ್ಟುಗಳು ಆಗುತ್ತಲೇ ಇರುತ್ತವೆ. ತೊಂಬತ್ತರ ದಶಕದ ಆರಂಭದಲ್ಲಿ ಅಂಧೇರಿಯ ನಮ್ಮ ಕಚೇರಿ ಸಾಂತಾಕ್ರೂಜ್‌ನ ಒಂದು ಹೋಟೆಲಿಗೆ ಕಂಪ್ಯೂಟರ್ ಕೂರಿಸುತ್ತಿತ್ತು. ಕೋಣೆಯಲ್ಲಿ ಜನರಿದ್ದಾರೆಯೇ ಎಂದು ತಾನೇ ತಿಳಿದು ದೀಪ, ಎ.ಸಿ. ನಡೆಸುವಂಥದ್ದು. ಕೋಣೆ ಎಂದರೇನು, ಮನುಷ್ಯ ಎಂದರೇನು, ಒಂದಕ್ಕೊಂದು ಏನು ಸಂಬಂಧ ಎಂದು ಅದಕ್ಕೆ ಬರೆದುಕೊಡುವುದು ನನ್ನ ಕೆಲಸ. ಈಗ ಇದನ್ನು ಆಂಟಾಲಜಿ ಎನ್ನುತ್ತಾರೆ. ಹೋಟೆಲ್ ಮಾಲೀಕರು ಒಪ್ಪಿದರೆ ನನ್ನ ನೌಕರಿ ಕಾಯಂ, ಇಲ್ಲದಿದ್ದರೆ ಇಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಕೋಣೆ

ಒಂದು ಕೋಣೆ ಒಂದೇ ಜಾತಿಯದು ಎಂದು ಬರೆದಿದ್ದೆ: ಮಲಗುವುದು, ಇಲ್ಲವೇ ಅಡುಗೆಯದು, ಇಲ್ಲವೇ ಕೂರುವುದು. ಪಕ್ಕದ ಮೇಜಿನವರು ವಿಜಾಪುರದ ಕಡೆಯವರು. ಭಾಂಡುಪ್‌ನ ಚಾಳಿನಲ್ಲಿ, ಅಂದರೆ ವಠಾರದಲ್ಲಿ, ಅವರ ಇಡೀ ಸಂಸಾರಕ್ಕೆ ಒಂದೇ ಖೋಲಿ. ಓದಿ ನೋಡಿ ಗಂಭೀರವಾಗಿ ಅಂದರು: "ಸರ, ಇದರ ಪ್ರಕಾರ ನಾವು ಅಡಿಗಿ ಮಾಡಿದ್ರ ಮಲಗೂ ಹಂಗಿಲ್ಲ."

ಮನುಷ್ಯ

ಅಲುಗಾಡುವುದು ಮನುಷ್ಯ, ಒಂದು ನಿಮಿಷ ಏನೂ ಅಲುಗಾಡದಿದ್ದರೆ ಕೋಣೆ ಖಾಲಿ. ಗೋಡೆಗೆ ಕೂರಿಸಿದ ಪೆಟ್ಟಿಗೆಗೆ ಚಲನೆ ಮಾತ್ರ ಗೊತ್ತಾಗುತ್ತಿತ್ತು, ಅದಕ್ಕೇ ಈ ನಿಯಮ. ಆಗಷ್ಟೇ ಖಾಲಿಯಾದ ಒಂದು ಕೋಣೆಯಲ್ಲಿ ಎ.ಸಿ. ಗಾಳಿಗೆ ಕ್ಯಾಲೆಂಡರ್ ಅಲುಗಾಡಿತು. ಅದು ಅಲುಗಾಡಿದ್ದಕ್ಕೆ ಎ.ಸಿ. ಓಡುತ್ತಲೇ ಇತ್ತು. ಜನ ಇದ್ದಾರೆಂದು ತಿಳಿದು ಕೋಣೆಯನ್ನು ಯಾರಿಗೂ ಕೊಡಲಿಲ್ಲ. ಮಂಗಳೂರಿನವರಾದ ಹೋಟೆಲ್ ಮ್ಯಾನೇಜರ್ ಫೋನಿನಲ್ಲಿ ಕೇಳಿದರು: "ಬಿಲ್ ಕ್ಯಾಲೆಂಡರಿನ ಹೆಸರಿಗೆ ಮಾಡುವುದಾ ಮಾರಾಯ್ರೆ?"

ಮೌನ

ಯಂತ್ರವನ್ನು ಒಪ್ಪಿಸಬೇಕಾದ ವಾರವೇ ಮಾಲೀಕರ ತಂದೆ ತೀರಿಕೊಂಡರು. ಹೋಟೆಲ್ ಕಟ್ಟಿದವರು ಅವರೇ. ಶೋಕಸಭೆ ಅಲ್ಲಿಯದೇ ಸಭಾಂಗಣದಲ್ಲಿ, ಅದಕ್ಕೆ ಕಿಟಕಿಗಳಿಲ್ಲ; ಅಲ್ಲೂ ನಮ್ಮ ಪೆಟ್ಟಿಗೆ ಇತ್ತು, ನಾನೂ ಹೋಗಿದ್ದೆ. ಎರಡು ನಿಮಿಷ ಮೌನ ಎಂದಾಗ ಎಲ್ಲರೂ ಎದ್ದು ತಲೆ ತಗ್ಗಿಸಿದರು. ಆಗ ನನಗೆ ನನ್ನ ನಿಯಮ ನೆನಪಾಯಿತು. ಒಂದು ಕೈ ಬೀಸಿದ್ದರೆ ಸಾಕಿತ್ತು. ಆದರೆ ಸತ್ತವರ ಫೋಟೊ ಎದುರು ಕೈ ಬೀಸುವುದು ಹೇಗೆ?

ನಿಮಿಷ ತುಂಬಿತು. ಎ.ಸಿ. ನಿಂತಿತು, ದೀಪಗಳೆಲ್ಲ ಆರಿದವು. ನನ್ನ ನೌಕರಿ ಮುಗಿಯಿತು ಎಂದುಕೊಂಡೆ. ಯಾರೂ ಅಲುಗಾಡಲಿಲ್ಲ, ಉಳಿದ ಮೌನವನ್ನು ಕತ್ತಲೆಯಲ್ಲೇ ಮುಗಿಸಿದರು. ಆಮೇಲೆ ಮಾಲೀಕರ ಧ್ವನಿ ಕೇಳಿಸಿತು: "ಇರಲಿ. ಅಪ್ಪ ಇದ್ದಿದ್ರೂ ಆಫ್ ಮಾಡ್ತಿದ್ರು. ಸುಮ್ಮನೆ ನಿಂತವರಿಗೆ ಲೈಟ್ ಯಾಕೆ ಅಂತ."

ಕಣ್ಣೊರೆಸಿಕೊಳ್ಳಲು ಅವರು ಕೈ ಎತ್ತಿರಬೇಕು. ದೀಪ ಬಂತು.

ಯಂತ್ರವನ್ನು ಒಪ್ಪಿಕೊಂಡರು. ಇದರಲ್ಲಿ ನಗು ಬರುವುದು ಯಾಕೆಂದರೆ, ಯಂತ್ರದ ಪ್ರಕಾರ ಆ ಹೊತ್ತಿನಲ್ಲಿ ಫೋಟೊದಲ್ಲಿದ್ದವರಿಗೂ ಎದುರು ನಿಂತವರಿಗೂ ವ್ಯತ್ಯಾಸವೇ ಇಲ್ಲ, ಅಂದರೆ ಅಲುಗಾಡುವುದು ಮನುಷ್ಯನ ಗುಣ ಮಾತ್ರವೋ ಅಥವಾ... ಹೆಂಡತಿ ಕರೆಯುತ್ತಿದ್ದಾಳೆ, ನಲ್ಲಿಯಲ್ಲಿ ನೀರು ಬಂತಂತೆ.