ಅವ್ವ ಇರೂದೆಲ್ಲಾ ತೆಗೀರಿ

ಭೀಮಬಾಯಿಯನ್ನು ಅವಳ ಮೊಮ್ಮಗಳ ತೊಟ್ಟಿಲ ಕಾರ್ಯದ ವಿಡಿಯೋದಿಂದ ಪೂರ್ತಿಯಾಗಿ ತೆಗೆದುಹಾಕಲಾಯಿತು. ಮೂರು ತಿಂಗಳು ಬಾಣಂತನ ಮಾಡಿದವಳು ಅವಳು. ತೆಗೆದವನು ಅವಳ ಅಳಿಯ ಶರಣಬಸವ.

ಹಾಗೆ ನೋಡಿದರೆ ಶರಣಬಸವ ಯಾರನ್ನೂ ಎಲ್ಲಿಂದಲೂ ತೆಗೆದುಹಾಕುವಂಥ ಮನುಷ್ಯನಲ್ಲ. ಗರುಡಾಚಾರ್‌ಪಾಳ್ಯದ ಕಂಪನಿಯೊಂದರಲ್ಲಿ ಲೆಕ್ಕ ಬರೆಯುವ ಅವನನ್ನೇ ಕೆಲಸದಿಂದ ತೆಗೆಯುವ ಮಾತು ಆಗಾಗ ಬರುತ್ತಿತ್ತು. ಭಾನುವಾರ ತಪ್ಪದೆ ಹಲಸೂರಿನ ಓದು ಬಳಗಕ್ಕೆ ಹೋಗುತ್ತಿದ್ದ. ಹಿಂದಿನ ವಾರವಷ್ಟೇ ಅಲ್ಲಿ ‘ಚಿತ್ರದಲ್ಲಿ ಇಲ್ಲದವರು’ ಎಂಬ ವಿಷಯದ ಮೇಲೆ ಮಾತಾಡಿ, ಚರಿತ್ರೆಯ ಫೋಟೋಗಳಲ್ಲಿ ರಾಜನಿರುತ್ತಾನೆ, ಅವನಿಗೆ ಅಡುಗೆ ಮಾಡಿ ಹಾಕಿದವಳು ಯಾಕಿರುವುದಿಲ್ಲ ಎಂದು ಮೇಜು ಗುದ್ದಿ ಕೇಳಿದ್ದ. ಗುದ್ದಿದ ರಭಸಕ್ಕೆ ಎಲ್ಲರ ಚಹಾ ಚೆಲ್ಲಿತು. ಅದನ್ನು ಒರೆಸಿದವರು ಯಾರೆಂದು ಅವನು ನೋಡಲಿಲ್ಲ.

ಅವನ ಸಂಸಾರ ಇದ್ದದ್ದು ಲಿಂಗರಾಜಪುರದ ಬಾಡಿಗೆ ಮನೆಯಲ್ಲಿ: ಒಂದು ಕೋಣೆ, ಒಂದು ಅಡುಗೆಮನೆ. ಭೀಮಬಾಯಿ ಬಂದ ದಿನವೇ ಕೋಣೆ ಅವಳಿಗೂ ಬಾಣಂತಿಗೂ ಸೇರಿತು. ಶರಣಬಸವ ಗ್ಯಾಸ್ ಸಿಲಿಂಡರನ್ನು ತಬ್ಬಿಕೊಂಡು ಅಡುಗೆಮನೆಯಲ್ಲಿ ಮಲಗತೊಡಗಿದ. ಅತ್ತೆಯೆಂದರೆ ಬರೀ ಹೆಂಡತಿಯ ತಾಯಿಯಲ್ಲ, ಅಪ್ಪನ ಒಡಹುಟ್ಟಿದ ಅಕ್ಕ. ಎದುರು ಮಾತಾಡಿದರೆ ಎರಡೂ ಕಡೆಯಿಂದ ಬೈಗುಳ. ಇವತ್ತು ಸಂಜೆ ಕಲಬುರಗಿಯ ರೈಲಿಗೆ ಅವಳ ಟಿಕೆಟ್ ಆಗಿತ್ತು. ಆದರೆ ತೊಟ್ಟಿಲ ವಿಡಿಯೋ ಕೈಗೆ ಬಾರದೆ ಹೊರಡುವುದಿಲ್ಲ, ಊರಿನ ಹೆಂಗಸರನ್ನು ಟಿವಿ ಮುಂದೆ ಕೂಡಿಸಿ ತೋರಿಸಬೇಕು ಎಂದು ಅವಳು ಹೇಳಿಬಿಟ್ಟಿದ್ದಳು. ಹೀಗಾಗಿ ಶರಣಬಸವನ ಸೊಂಟದ ಭವಿಷ್ಯವೆಲ್ಲ ಆ ವಿಡಿಯೋದೊಳಗೆ ಸಿಕ್ಕಿಕೊಂಡಿತ್ತು.

ಬೆಳಿಗ್ಗೆ ಮಗುವಿಗೆ ಚುಚ್ಚುಮದ್ದು ಹಾಕಿಸಿ, ಶಿವಾಜಿನಗರದಲ್ಲಿ ಊರವರಿಗೆ ಬಳೆ ಕೊಂಡು ಬರಲು ತಾಯಿ ಮಗಳು ಹೊರಟರು. ಭೀಮಬಾಯಿ ಮೆಟ್ಟಿಲಿಳಿದ ಮೇಲೆ ಪ್ರಿಯದರ್ಶಿನಿ ಬಾಗಿಲಿಗೆ ವಾಪಸು ಬಂದು ಗಂಡನಿಗೆ ಮೆಲ್ಲಗೆ ಹೇಳಿದಳು.

“ರೀ, ವಿಡಿಯೋದಾಗ ಅವ್ವ ಇರೂದೆಲ್ಲಾ ತೆಗೀರಿ. ಒಂದೂ ಬಿಡಬ್ಯಾಡ್ರಿ.”

ಶರಣಬಸವನಿಗೆ ಆಶ್ಚರ್ಯವಾಯಿತು, ಆದರೆ ಬಹಳ ಹೊತ್ತು ಆಗಲಿಲ್ಲ. ಕಾರ್ಯದ ದಿನ ಭೀಮಬಾಯಿ ಬಂದವರನ್ನೆಲ್ಲ ಗದರಿಸಿದ್ದಳು, ತಂಬಾಕು ಉಗುಳಲು ಟೆರೇಸಿನ ತುಳಸಿ ಕುಂಡವನ್ನು ಆರಿಸಿಕೊಂಡಿದ್ದಳು. ಅದನ್ನೆಲ್ಲ ಮೊಬೈಲಿನಲ್ಲಿ ನೋಡಿ ಪ್ರಿಯದರ್ಶಿನಿ ನಿನ್ನೆ ಹಣೆ ಚಚ್ಚಿಕೊಂಡಿದ್ದಳು. ಯಾತಕ್ಕೂ ಇನ್ನೊಮ್ಮೆ ಕೇಳಬಹುದಿತ್ತು. ಆದರೆ ತನ್ನ ಮನಸ್ಸಿಗೂ ಹಿತವಾದ ಆಜ್ಞೆಯನ್ನು ಯಾವ ಗಂಡಸೂ ಎರಡನೆಯ ಸಲ ಕೇಳಿ ಕೆಡಿಸಿಕೊಳ್ಳುವುದಿಲ್ಲ.

ಅವನ ಕಂಪ್ಯೂಟರು ಆಫೀಸಿನವರು ಗುಜರಿಗೆಂದು ಎತ್ತಿಟ್ಟಿದ್ದು. ವಿಡಿಯೋ ಓಡಿಸಿದರೆ ಚಿತ್ರ ಒಂದು ಬೀದಿ ಮುಂದೆ, ಮಾತು ಎರಡು ಬೀದಿ ಹಿಂದೆ. ಮಗುವಿನ ಕಿವಿಯಲ್ಲಿ ಹೆಸರು ಕೂಗುವ ಹೊತ್ತಿಗೆ ಪರದೆಯ ಮೇಲೆ ಎಲ್ಲರೂ ಉಂಡು ಎಲೆ ಮಡಚುತ್ತಿದ್ದರು. ಒಂದು ತುಂಡು ಕತ್ತರಿಸಿದರೆ ಯಂತ್ರ ಮಂಡಿನೋವಿನ ಮುದುಕನಂತೆ ನರಳಿ ಅಲ್ಲೇ ಕೂತುಬಿಡುತ್ತಿತ್ತು.

ನರಳುವ ಸದ್ದಿಗೆ ಕೆಳಮನೆಯ ರಯಾನ್ ಹತ್ತಿ ಬಂದ. ಮದುವೆ ವಿಡಿಯೋದವರ ಜೊತೆ ಲೈಟು ಹಿಡಿಯುವುದು ಅವನ ಕೆಲಸ; ಲೈಟಿನ ಹಿಂದೆ ನಿಂತು ನಿಂತು ಸಿನಿಮಾವೇ ತನಗೆ ಬಂದಿದೆ ಎಂದು ನಂಬಿದ್ದ. ಅವನು ಕಂಪ್ಯೂಟರಿನ ಪಕ್ಕದ ತಗಡು ಬಿಚ್ಚಿಸಿದ. ಬಿಸಿಯಾಗುತ್ತಿದೆ ಎಂದು ಎದುರುಮನೆಯ ಮಹೀನ್ ತನ್ನ ಟೇಬಲ್ ಫ್ಯಾನು ತಂದು ಅದರ ಹೊಟ್ಟೆಗೆ ಗುರಿಯಿಟ್ಟಳು. ಆದರೂ ಅದು ಜಪ್ಪಯ್ಯ ಎನ್ನಲಿಲ್ಲ.

“ಗುರು, ಡಿಸ್ಕ್ ಫುಲ್ ಆಗಿದೆ ನೋಡು, ಅದಕ್ಕೆ ಉಸಿರಾಡಕ್ಕೇ ಜಾಗ ಇಲ್ಲ,” ಎಂದ ರಯಾನ್. “ಬೇಡದ್ದು ಇಟ್ಕೊಂಡ್ ಏನ್ ಮ್ಯೂಸಿಯಂ ಮಾಡ್ತೀಯಾ? ಎಸೆದ್ಬಿಡು.”

ಮೊಬೈಲಿನಲ್ಲಿದ್ದದ್ದನ್ನೆಲ್ಲ ಶರಣಬಸವ ಮೊದಲೇ ಕಂಪ್ಯೂಟರಿಗೆ ಸಾಗಿಸಿ ಮೊಬೈಲನ್ನು ಖಾಲಿ ಮಾಡಿದ್ದ. ಈಗ ಭೀಮಬಾಯಿ ಇದ್ದ ತುಂಡುಗಳನ್ನೆಲ್ಲ ಹುಡುಕಿ ಅಳಿಸಿದ. ಕಂಪ್ಯೂಟರಿನ ಕಸದ ಬುಟ್ಟಿಯನ್ನೂ ಖಾಲಿ ಮಾಡಿಸಿದವನು ರಯಾನ್. ಉಳಿಸಲೇಬೇಕಾದ ಕಡೆ ಶರಣಬಸವ ಚೌಕಟ್ಟನ್ನು ಕಿರಿದು ಮಾಡಿ ಅವಳನ್ನು ಅಂಚಿನಿಂದ ಆಚೆಗೆ ದಬ್ಬಿದ. ಆಮೇಲೆ ನೋಡಬೇಕಿತ್ತು, ವಿಡಿಯೋ ಬೆಣ್ಣೆಯ ಮೇಲೆ ಚಾಕು ಇಳಿದಂತೆ ಓಡಿತು. ಕಂಪ್ಯೂಟರಿಗೂ ಅತ್ತೆಯೇ ಭಾರವಾಗಿದ್ದಳೆಂದು ಶರಣಬಸವನಿಗೆ ಒಳಗೊಳಗೇ ಸಮಾಧಾನವಾಯಿತು.

ಮಧ್ಯಾಹ್ನ ತಾಯಿ ಮಗಳು ಬಂದು ನೋಡಿದರು. ಪರದೆಯ ಮೇಲೆ ತೊಟ್ಟಿಲು ತನ್ನಷ್ಟಕ್ಕೆ ತಾನೇ ತೂಗುತ್ತಿತ್ತು. ಅಂಚಿನಿಂದ ಒಂದು ಬಳೆ ತೊಟ್ಟ ಕೈ ಬಂದು ಮಗುವಿನ ಟೊಪ್ಪಿಗೆ ಸರಿಮಾಡಿ ಮಾಯವಾಯಿತು. ಇದು ತೊಟ್ಟಿಲ ಕಾರ್ಯವೋ ದೆವ್ವ ಬಿಡಿಸುವ ಕಾರ್ಯವೋ ಎಂದು ಮಹೀನ್ ಕೇಳಿದಳು.

“ನಮ್ಮವ್ವ ಎಲ್ಲಿ?” ಎಂದಳು ಪ್ರಿಯದರ್ಶಿನಿ.

“ತೆಗದೀನಿ. ನೀನೇ ಹೇಳಿದ್ದಿ.”

“ತೆಗೀರಿ ಅಂದ್ರ ಬ್ಯಾರೆ ತೆಗದಿಡ್ರಿ ಅಂತ. ಊರಿಗೆ ಕೊಡಾಕ, ಅವ್ವಗ ಗೊತ್ತಾಗದಂಗ ಅವ್ವಂದಷ್ಟೇ ಒಂದ ಕಡಿ ಮಾಡ್ರಿ ಅಂತ. ತೆಗದ ಒಗೀರಿ ಅಂದ್ನಾ ನಾನು?”

ಶರಣಬಸವ ತನ್ನ ಭಾಷೆಯ ಬಗ್ಗೆ ಹೆಮ್ಮೆಪಡುತ್ತಿದ್ದವನು. ಒಂದೇ ಕ್ರಿಯಾಪದದಲ್ಲಿ ಎತ್ತಿಡುವುದನ್ನೂ ಅಳಿಸುವುದನ್ನೂ ಇಟ್ಟ ಹಿರಿಯರನ್ನು ಅಂದು ಮೊದಲ ಬಾರಿಗೆ ಮನಸ್ಸಿನಲ್ಲೇ ಬೈದ. ಭೀಮಬಾಯಿ ಒಳಗೆ ಹೋಗಿ ಪಾತ್ರೆ ತೊಳೆಯಲು ಕೂತಳು. ಅವಳು ಬೈಯದಿದ್ದದ್ದು ಅವನಿಗೆ ಇನ್ನಷ್ಟು ಹೆದರಿಕೆ ಹುಟ್ಟಿಸಿತು.

ಇನ್ನು ಉಳಿದದ್ದು ಅಕ್ಕಪಕ್ಕದವರ ಮೊಬೈಲು. ಸುದ್ದಿ ಮೆಟ್ಟಿಲಿಳಿದು ಮನೆಯ ಮಾಲೀಕ ಚಿಕ್ಕವೆಂಕಟಪ್ಪನವರನ್ನೂ ಮುಟ್ಟಿತು. ಅವರು ಕಾರ್ಯದ ದಿನ ತಮ್ಮ ಟೆರೇಸಿಗೆ ಹೊಸದಾಗಿ ಬಳಿಸಿದ್ದ ನೀರು ಸೋರದ ಬಣ್ಣವನ್ನು ಉದ್ದಕ್ಕೂ ವಿಡಿಯೋ ಮಾಡಿಕೊಂಡಿದ್ದರು. ಮಹೀನ್ ತನ್ನ ಮಗಳ ಕುಣಿತವನ್ನು ಹಿಡಿದಿದ್ದಳು. ರಯಾನ್ ತನ್ನನ್ನೇ ಹಿಡಿದುಕೊಂಡಿದ್ದ. ದೇವರ ದಯೆಯಿಂದ ಎಲ್ಲದರ ಹಿಂದೆಯೂ ಎಲ್ಲೋ ಒಂದು ಕಡೆ ಭೀಮಬಾಯಿ ಇದ್ದಳು. ಮೂವರೂ ಕೊಡಲು ಒಪ್ಪಿದರು, ಆದರೆ ತಮ್ಮ ಬಣ್ಣ, ತಮ್ಮ ಮಗಳು, ತಮ್ಮ ಮುಖ ಕತ್ತರಿಸಬಾರದೆಂದು ಮಾತು ತೆಗೆದುಕೊಂಡರು.

ಜೋಡಿಸಿ ಮುಗಿಸುವಷ್ಟರಲ್ಲಿ ಬಿಸಿಲು ಇಳಿದಿತ್ತು. ಕೊನೆಗೆ ಎಲ್ಲವನ್ನೂ ಒಂದೇ ವಿಡಿಯೋ ಮಾಡುವ ಗುಂಡಿ ಒತ್ತಿದಾಗ ಮನೆಯ ಲೈಟು ಮಿಣುಗುಟ್ಟಿತು. ಕರೆಂಟು ಹೋದರೆ ಮೊದಲಿನಿಂದ ಮಾಡಬೇಕೆಂದು ರಯಾನ್ ಘೋಷಿಸಿದ. ಚಿಕ್ಕವೆಂಕಟಪ್ಪನವರು ಓಡಿಹೋಗಿ ನೀರಿನ ಮೋಟಾರು ನಿಲ್ಲಿಸಿದರು. ಮಹೀನ್ ಫ್ರಿಜ್ಜು ಆರಿಸಿದಳು. ಇಡೀ ಕಟ್ಟಡ ಹನಿ ನೀರಿಲ್ಲದೆ, ಇಸ್ತ್ರಿಯಿಲ್ಲದೆ, ಹೆರಿಗೆ ಕೋಣೆಯ ಹೊರಗೆ ನಿಂತ ನೆಂಟರಂತೆ ಪರದೆಯ ಮೇಲೆ ಮೆಲ್ಲಗೆ ತುಂಬುತ್ತಿದ್ದ ಹಸಿರು ಗೆರೆಯನ್ನು ನೋಡುತ್ತ ನಿಂತಿತು. ಎಲ್ಲಿಂದಲೋ ಸೋಪು ಮೆತ್ತಿದ ಮುಖವೊಂದು ನೀರು ಯಾವಾಗ ಬರುತ್ತದೆಂದು ಕೇಳಿಕೊಂಡು ಬಂದು, ತಾನೂ ನೋಡುತ್ತ ನಿಂತಿತು.

ಗೆರೆ ತುಂಬಿತು. ಮಾತು ಚಿತ್ರ ಒಟ್ಟೊಟ್ಟಿಗೇ ನಡೆದವು. ಪ್ರಿಯದರ್ಶಿನಿ ತಾಯಿಯನ್ನು ಕರೆತಂದು ಮನೆಯಲ್ಲಿದ್ದ ಒಂದೇ ಕುರ್ಚಿಯಲ್ಲಿ ಕೂಡಿಸಿದಳು.

ಹುಡುಗಿ ಕುಣಿಯುವ ಹಿಂದೆ ಭೀಮಬಾಯಿ ಈರುಳ್ಳಿ ಹೆಚ್ಚುತ್ತಿದ್ದಳು. ರಯಾನನ ಕಿವಿಯ ಪಕ್ಕದಲ್ಲಿ ಕೊಡ ಹೊತ್ತು ಮೆಟ್ಟಿಲು ಹತ್ತುತ್ತಿದ್ದಳು. ಹೊಸ ಬಣ್ಣದ ಟೆರೇಸಿನ ಮೂಲೆಯಲ್ಲಿ ಸಾರಿನ ಹಂಡೆಯೊಳಗೆ ಅರ್ಧ ಇಳಿದು ತಳ ಕೆರೆಯುತ್ತಿದ್ದಳು. ಓದು ಬಳಗದಲ್ಲಿ ತಾನು ಕೇಳಿದ ಪ್ರಶ್ನೆಗೆ ತಾನೇ ಉತ್ತರ ಕೊಟ್ಟೆನೆಂದು ಶರಣಬಸವನ ಕಣ್ಣು ಒದ್ದೆಯಾಯಿತು.

“ನೋಡ್ರಿ ಅತ್ತಿ, ಎಲ್ಲಾ ಕಡೀನೂ ನೀವೇ ಇದ್ದೀರಿ.”

“ಹೌದು, ದುಡಿಲಾಕತ್ತೀನಿ,” ಎಂದಳು ಭೀಮಬಾಯಿ. “ನಾ ಕುಂತದ್ದು ಎಲ್ಲಿ?”

ಶರಣಬಸವನಿಗೆ ಆಗ ನೆನಪಾಯಿತು. ಎಲ್ಲ ಮುಗಿದ ಮೇಲೆ ಅವಳು ಇಳಕಲ್ ಸೀರೆಯುಟ್ಟು, ಮಗುವನ್ನು ತೊಡೆಯ ಮೇಲಿಟ್ಟುಕೊಂಡು, ಬಾಡಿಗೆಗೆ ತಂದ ಕುರ್ಚಿಯಲ್ಲಿ ಕೂತು ಒಂದು ಜೋಗುಳ ಹಾಡಿದ್ದಳು. ಅದನ್ನು ಹಿಡಿದವನು ಅವನೊಬ್ಬನೇ. ಅಳಿಸಿದವನೂ ಅವನೇ.

“ಬಸೂ, ಮೂರು ತಿಂಗಳದಾಗ ನಾ ಕುಂತದ್ದು ಅದೊಂದ ಸಲ. ಅದನ್ನ ತೆಗದಿ. ಇದನ್ನ ಒಯ್ದು ಊರಾಗ ಏನಂತ ತೋರಸ್ಲಿ? ಮಗಳ ಮನಿಗಿ ಹ್ವಾದ್ಳೋ, ಕೂಲಿಗಿ ಹ್ವಾದ್ಳೋ ಅಂತಾರ.”

ಕೆಳಗೆ ಆಟೋ ಹಾರನ್ ಹೊಡೆಯಿತು. ಶರಣಬಸವ ಬ್ಯಾಗು ಎತ್ತಿಕೊಂಡು, ತನಗೆ ಬರುವಷ್ಟು ಮೃದುವಾಗಿ ಹೇಳಿದ.

“ಅತ್ತಿ, ಆಟೋ ಬಂದದ. ರೈಲಿಗಿ ಹೊತ್ತಾಯ್ತು. ಏಳ್ರಿ.”

ಭೀಮಬಾಯಿ ಮಗಳ ಕೈಯಿಂದ ಮಗುವನ್ನು ತೆಗೆದುಕೊಂಡು ತೊಡೆಯ ಮೇಲೆ ಇಟ್ಟುಕೊಂಡಳು. ಕುರ್ಚಿಯಲ್ಲಿ ಹಿಂದಕ್ಕೆ ಸರಿದು ಬೆನ್ನು ಒರಗಿಸಿದಳು.

“ಏಳಂಗಿಲ್ಲ,” ಎಂದಳು.