ಬೀಗರೂಟಕ್ಕೆ ಒಂದು ಹಲ್ಲು ಕಡಿಮೆ

ನಮ್ಮ ಸೋದರಮಾವನ ಮನೆಯಲ್ಲಿ ಇಕ್ಕಳವೇ ಇರಲಿಲ್ಲ. ಯಾಕೆ ಬೇಕು? ಮಾವನ ಬಾಯಿತ್ತಲ್ಲ! ಸೋಡಾ ಬಾಟಲಿಯ ಮುಚ್ಚಳ, ಗೊಬ್ಬರದ ಚೀಲದ ಹೊಲಿಗೆ, ಎತ್ತಿನ ಹಗ್ಗದ ಗಂಟು, ಎಲ್ಲಕ್ಕೂ ಹಲ್ಲೇ. ಅಕ್ಕಿಹೆಬ್ಬಾಳಿನ ಹತ್ತಿರದ ಅವರ ಗದ್ದೆಯಲ್ಲಿ ಕಬ್ಬು ಬಲಿಯಿತೋ ಇಲ್ಲವೋ ನೋಡಲು ಒಂದು ಜಲ್ಲೆ ಮುರಿದು, ಬಾಯಲ್ಲೇ ಸಿಗಿದು, ಅಗಿದು, ಉಗಿದು, "ಇನ್ನೂ ಇಪ್ಪತ್ ದಿನ ಬುಡ್ರಲಾ" ಎಂದು ತೀರ್ಪು ಕೊಡುತ್ತಿದ್ದರು. ಮಾತಿಗೊಮ್ಮೆ "ಮೂವತ್ತೆರಡೂ ಅವೆ, ಎಣಿಸ್ಕೊ!" ಎಂದು ಬಾಯಿ ತೆರೆಯುವುದು ಬೇರೆ. ಯಾರು ಎಣಿಸುತ್ತಾರೆ, ಹೇಳಿ?

ಅಂಥವರ ದವಡೆಹಲ್ಲು ಮಗಳ ಮದುವೆಯ ಮಾರನೆಯ ದಿನವೇ ಕೈಕೊಟ್ಟಿತು. ಲವಂಗ ಇಟ್ಟರು, ಹೊಗೆಸೊಪ್ಪು ಒತ್ತಿದರು, ಊಹ್ಞೂಂ! ಕೆನ್ನೆ ಬನ್ನಿನಂತೆ ಊದಿತು. ಕೆ.ಆರ್. ಪೇಟೆ ಹತ್ತಿರವಿತ್ತು, ಆದರೆ ಅಲ್ಲಿ ಎಲ್ಲರೂ ಗುರುತಿನವರು, ಮಾನ ಹೋಗುತ್ತದಲ್ಲ! ಆಗ ನಾನು ಪಾಂಡವಪುರದಲ್ಲಿ ಮೇಷ್ಟ್ರು. ಎರಡು ಬಸ್ಸು ಬದಲಾಯಿಸಿ ನನ್ನ ಬಾಗಿಲಿಗೆ ಬಂದರು. ಯಾರಿಗೂ ಗೊತ್ತಾಗದಿರಲೆಂದು ಮುಖಕ್ಕೆಲ್ಲ ಟವಲು ಸುತ್ತಿಕೊಂಡಿದ್ದರಿಂದ ಪೇಟೆಯಲ್ಲಿ ಎಲ್ಲರೂ ತಿರುಗಿ ತಿರುಗಿ ನೋಡಿದರು.

ಬೀಗರ ಊರು ತೊಣ್ಣೂರು ಅಲ್ಲೇ ಪಕ್ಕದಲ್ಲಿದೆ ಎಂಬುದು ಅವರಿಗೆ ಹೊಳೆದದ್ದು ನಾನು ಕರೆದೊಯ್ದ ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಕೂತ ಮೇಲೆ!

"ಲೇ ಅಳಿಯ, ಬಾಗ್ಲಾಕ್ಲಾ!" ಎಂದು ನನಗೆ ಅಪ್ಪಣೆಯಾಯಿತು.

"ಸೂಜಿ ಬ್ಯಾಡಿ ಡಾಕ್ಟ್ರೇ, ಅಂಗೇ ಕಿತ್ತಾಕಿ. ನಾನೇನ್ ಮಗುವಾ?" ಎಂದವರು ಸೂಜಿ ಕಾಣುತ್ತಲೇ ನನ್ನ ಕೈ ಹಿಡಿದುಕೊಂಡರು. ಅವರ ಉಗುರಿನ ಗುರುತು ನನ್ನ ಕೈಯಲ್ಲಿ ಎರಡು ದಿನ ಇತ್ತು. ಹಲ್ಲು ಕಿತ್ತು ಹತ್ತಿ ಇಟ್ಟ ಡಾಕ್ಟರು, "ಒಂದು ವಾರ ಗಟ್ಟಿ ಪದಾರ್ಥ ಅಗಿಯಬೇಡಿ. ಮುದ್ದೆಯನ್ನೂ ಅಷ್ಟೇ, ನಿಧಾನವಾಗಿ ಅಗಿದು ತಿನ್ನಿ" ಎಂದರು.

ಮಾವ ಹತ್ತಿ ಕಚ್ಚಿಕೊಂಡೇ ನಕ್ಕರು. "ಮುದ್ದೆ ಅಗಿಯೋರು ಯಾರ್ ಡಾಕ್ಟ್ರೇ? ನುಂಗಾದು!"

ಐಸ್‌ಕ್ರೀಮು ತಿನ್ನಿ ಎಂದೂ ಡಾಕ್ಟರು ಹೇಳಿದ್ದರು. ಐವತ್ತೈದು ದಾಟಿದ ನಮ್ಮ ಮಾವ ಬೇಕರಿಯ ಗೋಡೆಗೆ ಮುಖಮಾಡಿ ನಿಂತು ಕಪ್ಪು ಖಾಲಿ ಮಾಡಿ, ಗೋಡೆಗೇ ಹೇಳಿದಂತೆ, "ಇನ್ನೊಂದ್ ಕೊಡ್ಸ್ಲಾ" ಎಂದರು.

ಇಷ್ಟೇ ಆಗಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ಹಲ್ಲು ಕಿತ್ತ ಮೂರನೆಯ ದಿನ ತೊಣ್ಣೂರಿನಲ್ಲಿ ಬೀಗರೂಟ! ಹೆಣ್ಣಿನ ಕಡೆಯವರಿಗೆ ಗಂಡಿನ ಮನೆಯವರು ಹಾಕಿಸುವ ಬಾಡೂಟ.

"ಹಲ್ಲು ಕೀಳಿಸಿದೆ ಅಂತ ಹೇಳ್ಬಿಡಿ ಮಾವ" ಎಂದೆ.

"ಮದ್ವೆ ದಿಸ ಬೀಗ್ರ ಮುಂದೆ ಬಾಯ್ ತೆಗ್ದು ತೋರ್ಸಿವ್ನಿ ಕಣ್ಲಾ! ಈಗ ಯೋಳುದ್ರೆ ನೆಪ ತೆಗೀತಾವ್ನೆ ಅಂತಾರೆ. ಹೆಣ್ಣಿನಪ್ಪ ಉಣ್ದೆ ಎದ್ದ ಅಂದ್ರೆ ಅವ್ರಿಗೆ ಅವಮಾನ. ನಾಳಿಕೆ ಆ ಮಾತು ಬೀಳಾದು ನನ್ ಮಗಳ ಮ್ಯಾಲೆ."

ಪಂಕ್ತಿಯಲ್ಲಿ ಮುದ್ದೆ ಸಲೀಸಾಗಿ ಇಳಿಯಿತು. ಅಷ್ಟರಲ್ಲಿ ಬೀಗರೇ ಸೌಟು ಹಿಡಿದು ಬಂದು, "ಇದು ಬೀಗ್ರಿಗೇ ಮೀಸ್ಲು" ಎಂದು ಒಳಗೆ ಮಜ್ಜೆ ತುಂಬಿದ ದೊಡ್ಡದೊಂದು ನಲ್ಲಿ ಮೂಳೆಯನ್ನು ಎಲೆಗೆ ಹಾಕಿ, ಎದುರಿಗೇ ನಿಂತರು. "ಬೇಡ ಮಾವ" ಎಂದು ಪಿಸುಗುಟ್ಟಿದೆ. ಮಾವ ಮೂಳೆ ಎತ್ತಿ ಕಟಕ್ಕನೆ ಕಚ್ಚಿದರು. "ಬಾಳ ಚೆನ್ನಾಗದೆ ಬೀಗ್ರೇ" ಎನ್ನುತ್ತಿದ್ದ ಹಾಗೇ ತುಟಿಯಂಚಿನಲ್ಲಿ ರಕ್ತ ಬಂತು. ಮೂರು ದಿನದಿಂದ ನಗುತ್ತಿದ್ದ ನನಗೆ ನಾಚಿಕೆಯಾಯಿತು.

ನೀರು ಬಡಿಸುತ್ತಿದ್ದ ಮಗಳು ನೋಡಿಬಿಟ್ಟಳು. ಚೊಂಬು ಕೆಳಗಿಟ್ಟಳು.

"ಅಪ್ಪ, ಬಾಯ್ ತೋರ್ಸು."

"ಏನಿಲ್ಲ ಕಣವ್ವ, ಓಗು."

"ತೋರ್ಸು ಅಂದೆ!"

ಮಾವ ಬಾಯಿ ತೆರೆದರು. ಬೀಗರು ತಲೆ ಚಚ್ಚಿಕೊಂಡು, "ಅಯ್ಯೋ, ನಮ್ಗೋಸ್ಕರ ಇಂಗ್ ಮಾಡ್ಕೊಂಡ್ರಾ ಬೀಗ್ರೇ!" ಎಂದರು. ಅಡುಗೆಯ ಕಡೆಯಿಂದ ಬೀಗಿತ್ತಿ ಒಂದು ಬಟ್ಟಲು ಹಿಡಿದು ಓಡಿಬಂದು ಸೊಸೆಯ ಕೈಗಿತ್ತರು. "ಬಡ್ಸಾದು ನಾವ್ ನೋಡ್ಕೊತೀವಿ. ನೀನು ನಿಮ್ಮಪ್ಪನ್ ಪಕ್ದಲ್ ಕೂತ್ಕೊ ಕಣ್ ಮಗಳೇ. ಮೆತ್ತಗಿರಾ ಕುರಿ ಈಲಿ ಐತೆ, ಚೂರ್ ಮಾಡಿ ತಿನ್ಸು."

ಅವಳು ಕೂತಳು. ಮಾವ ಒಮ್ಮೆ ಬೀಗಿತ್ತಿಯ ಮುಖ ನೋಡಿದರು, ಒಮ್ಮೆ ಮಗಳ ಮುಖ ನೋಡಿದರು. ಧಾರೆಯ ಹೊತ್ತಿನಲ್ಲೂ ಕಣ್ಣು ಒದ್ದೆ ಮಾಡಿಕೊಳ್ಳದ ಮನುಷ್ಯ, ಎಲೆಯ ಮುಂದೆ ಕೂತು ಅತ್ತುಬಿಟ್ಟರು.

"ಒಳ್ಳೇ ಮನೆ ಸೇರ್ತು ಕಣ್ಲಾ ನಮ್ ಮಗು" ಎಂದರು ನನಗೆ.