ಶಾಂತಿದೂತನೂ ನಮ್ಮಮ್ಮನ ದೋಸೆ ಕಾವಲಿಯೂ

"ಕೋರ್ಟು ಬೇಡ, ವಕೀಲರು ಬೇಡ, ಜಗಳವಂತೂ ಬೇಡವೇ ಬೇಡ! ಇದರ ಮುಂದೆ ನಿನ್ನ ದೂರು ಹೇಳು, ಸಾಕು!" ಎಂದು ನಮ್ಮ ಯಜಮಾನರು ಊಟದ ಮೇಜಿನ ಮೇಲೆ ಹೊದಿಸಿದ್ದ ಬಟ್ಟೆಯನ್ನು ಸರಕ್ಕನೆ ಎಳೆದರು.

ನನ್ನ ಗಂಡ ವರದರಾಜು ವಿದ್ಯುತ್ ಇಲಾಖೆಯಲ್ಲಿ ಮೀಟರ್ ರಿಪೇರಿ ಮಾಡಿ ನಿವೃತ್ತರಾದವರು. ನಿವೃತ್ತಿ ಅವರಿಗೆ, ಶಿಕ್ಷೆ ನನಗೆ. ಇವರು ಇದಕ್ಕೂ ಮುಂಚೆ ಕಂಡುಹಿಡಿದ ತೆಂಗಿನಕಾಯಿ ಸುಲಿಯುವ ಯಂತ್ರ ನಮ್ಮ ಅತ್ತೆಯವರ ಚೌರಿಯನ್ನು ನಾರೆಂದು ತಿಳಿದು ಸುಲಿದಿತ್ತು! ಈ ಸಲ ಬಟ್ಟೆಯಡಿ ಕಂಡದ್ದು ಹಳೇ ಟಿ.ವಿ.ಯಷ್ಟು ದೊಡ್ಡ ಡಬ್ಬ. ಪಕ್ಕದಲ್ಲಿ ಕಿವಿಯಂತೊಂದು ಕೊಳವೆ, ಮುಂದೆ ಅಗಲವಾದ ಬಾಯಿ, ನೆತ್ತಿಯ ಮೇಲೆ ದುಂಡನೆಯ ಕಬ್ಬಿಣದ ತಟ್ಟೆ.

"ಇದರ ಹೆಸರು ಶಾಂತಿದೂತ! ದೂರು ಕೇಳಿಸ್ಕೊಂಡು ತಾನೇ ನೋಟೀಸು ಬರೆಯುತ್ತೆ. ಏನಾಯ್ತು, ಏನು ಬೇಕು, ಯಾವಾಗ ಬೇಕು, ಕೊಡದಿದ್ರೆ ಏನಾಗುತ್ತೆ, ಎಲ್ಲಾ ಕ್ರಮವಾಗಿ! ಆಮೇಲೆ ಅವರ ಮನೆಗೆ ತಾನೇ ಎಸೆಯುತ್ತೆ."

"ತಲೆ ಮೇಲೆ ತಟ್ಟೆ ಯಾಕ್ರೀ?"

"ಇಸ್ತ್ರಿಗೆ! ಮುದುರಿದ ನೋಟೀಸಿಗೆ ಯಾರೇ ಹೆದರ್ತಾರೆ? ಒಳಗೊಂದು ಕೋಪಕೋಶ ಇದೆ. ದೂರು ಜೋರಾದಷ್ಟೂ ತಟ್ಟೆ ಕಾಯುತ್ತೆ, ಕಾಗದ ಗರಿಗರಿ ಆಗುತ್ತೆ. ಕರೆಂಟೇ ಬೇಡ!"

ನನಗಿದ್ದದ್ದು ಒಂದೇ ದೂರು. ನಮ್ಮಮ್ಮ ವರ್ಷಗಟ್ಟಲೆ ಎಣ್ಣೆ ಸವರಿ ಪಳಗಿಸಿದ ಕಬ್ಬಿಣದ ದೋಸೆ ಕಾವಲಿ. ಅದರ ಮೇಲೆ ಹೊಯ್ದ ದೋಸೆ ತಾನಾಗಿ ಏಳುತ್ತಿತ್ತು. ಅಮ್ಮ ಹೋದ ಮೇಲೆ ಅವಳ ಕೈರುಚಿ ಎಂದು ನನಗೆ ಉಳಿದಿದ್ದು ಅದೊಂದೇ. ಪಕ್ಕದ ಮನೆಯ ಅಂಬುಜಾಕ್ಷಿ ಯುಗಾದಿಗೆಂದು ಒಯ್ದವರು ಗಣಪತಿ ಹಬ್ಬ ಕಳೆದರೂ ಕೊಟ್ಟಿರಲಿಲ್ಲ. ಕೇಳಿದರೆ "ನಾಳೆ ಕೊಡ್ತೀನಿ ಇಂದ್ರಾಣಿಯವ್ರೇ" ಎಂದು ಬಾಗಿಲು ಹಾಕಿಕೊಳ್ಳುತ್ತಿದ್ದರು. ಹಳೆಯ ಸ್ನೇಹ, ಜಗಳವಾಡಲು ಮನಸ್ಸು ಬಾರದು. ಕಾವಲಿ ಬಿಟ್ಟುಕೊಡಲೂ ಮನಸ್ಸು ಬಾರದು.

ಕೊಳವೆಗೆ ಬಾಯಿಟ್ಟು ಎಲ್ಲವನ್ನೂ ಹೇಳಿದೆ. ಡಬ್ಬ ಗುರುಗುಟ್ಟಿ, ತಟ್ಟೆಯ ಮೇಲೆ ಕಾಗದವನ್ನು ಒತ್ತಿ ತೋರಿಸಿತು: "ಶ್ರೀಮತಿ ಅಂಬುಜಾಕ್ಷಿಯವರಿಗೆ. ತಾವು ನಮ್ಮ ಕಕ್ಷಿದಾರರಿಂದ ಎರವಲು ಪಡೆದ ದೋಸೆ ಕಾವಲಿಯನ್ನು, ಪಡೆದಾಗ ಇದ್ದ ಸ್ಥಿತಿಯಲ್ಲಿಯೇ, ಹದಿನೈದು ದಿನದೊಳಗೆ ಹಿಂದಿರುಗಿಸತಕ್ಕದ್ದು. ತಪ್ಪಿದಲ್ಲಿ ಮುಂದಿನ ಕಷ್ಟನಷ್ಟಗಳಿಗೆ ತಾವೇ ಹೊಣೆ."

ಠಪ್! ನೋಟೀಸು ಕಿಟಕಿಯಿಂದ ಹಾರಿ, ಕಾಂಪೌಂಡು ದಾಟಿ ಅಂಬುಜಾಕ್ಷಿಯವರ ಜಗಲಿಗೆ ಬಿತ್ತು. ಯಜಮಾನರು ತಮಗೆ ತಾವೇ ಚಪ್ಪಾಳೆ ತಟ್ಟಿಕೊಂಡರು.

ಅಷ್ಟರಲ್ಲಿ ಅಡುಗೆಮನೆಯಿಂದ ಅತ್ತೆಯವರು, "ಈ ಹಾಲಲ್ಲಿ ಬರೀ ನೀರೇ ಕಣೇ!" ಎಂದರು.

ಠಪ್! ಹಾಲಿನವನಿಗೆ ನೋಟೀಸು: "ಬೆರೆಸಿದ ನೀರನ್ನು ಹಾಲಿನಿಂದ ಬೇರ್ಪಡಿಸಿ ವಾಪಸ್ ಒಯ್ಯತಕ್ಕದ್ದು."

"ಥೂ, ಸೊಳ್ಳೆ!" ಎಂದು ಯಜಮಾನರು ತೋಳಿಗೆ ಹೊಡೆದುಕೊಂಡರು.

ಠಪ್! "ಸಮಸ್ತ ಸೊಳ್ಳೆಗಳಿಗೆ. ಹೀರಿದ ರಕ್ತವನ್ನು ಹೀರಿದ ಜಾಗಕ್ಕೇ ಹಿಂದಿರುಗಿಸತಕ್ಕದ್ದು." ಇದು ನೇರವಾಗಿ ಚರಂಡಿಗೆ ಹೋಯಿತು.

"ಅಲ್ಲಾರೀ, ಇದರ ಕಿವಿಗೊಂದು ಮುಚ್ಚಳ ಇಡಬಾರ್ದಿತ್ತಾ?"

"ಕಿವಿಗೆ ಯಾರಾದ್ರೂ ಮುಚ್ಚಳ ಇಡ್ತಾರೇನೇ?"

"ನಿಮಗಿಂತ ಆ ಸೊಳ್ಳೆನೇ ವಾಸಿ! ನನ್ನ ಊಟದ ಮೇಜು ನನಗೆ ಬಿಟ್ಟುಕೊಡಿ!"

ಠಪ್! ಮೇಜು ತೆರವುಗೊಳಿಸತಕ್ಕದ್ದೆಂಬ ನೋಟೀಸು ಯಜಮಾನರಿಗೇ ಬಂತು. ವಿಳಾಸ ಹತ್ತಿರವೇ ಇದ್ದುದರಿಂದ ಮೂಗಿಗೆ ಬಡಿಯಿತು.

ಆಗ ಅಂಬುಜಾಕ್ಷಿ ಒಲೆಯ ಮುಂದಿನಿಂದ ಎದ್ದು ಬಂದವರಂತೆ ಒಳಗೆ ನುಗ್ಗಿದರು. ಕಂಕುಳಲ್ಲಿ ದೋಸೆ ಹಿಟ್ಟಿನ ಪಾತ್ರೆ, ಒಂದು ಕೈಯಲ್ಲಿ ಸೌಟು, ಇನ್ನೊಂದರಲ್ಲಿ ನೋಟೀಸು!

"ನಂಗೇ ನೋಟೀಸಾ? ಇಷ್ಟು ವರ್ಷ ನಿಮ್ಮನೆ ಹುಳಿಗೆ ಕರಿಬೇವು ಕೊಟ್ಟವಳು ನಾನು!"

ಠಪ್! ಈಗ ನೋಟೀಸು ಬಂದಿದ್ದು ನನಗೆ: "ಪಡೆದ ಕರಿಬೇವನ್ನು ಎಲೆಯೆಲೆಯಾಗಿ ಹಿಂದಿರುಗಿಸತಕ್ಕದ್ದು."

"ರೀ, ಇದು ಯಾರ ಕಡೆ?" ಎಂದು ಕಿರುಚಿದೆ.

"ನ್ಯಾಯದ ಕಡೆ!" ಎಂದರು ಯಜಮಾನರು ಮೂಗು ಉಜ್ಜಿಕೊಳ್ಳುತ್ತ.

"ಅಂಬುಜಾಕ್ಷಿಯವ್ರೇ, ಕರಿಬೇವಿನ ಮಾತು ಬಿಡಿ. ನಮ್ಮಮ್ಮನ ಕಾವಲಿ ಎಲ್ಲಿ?"

ಅವರ ಕಣ್ಣು ತುಂಬಿಕೊಂಡಿತು. "ಯಾವ ಮುಖ ಹೊತ್ತು ಕೊಡಲಿ ರೀ? ಹಬ್ಬಕ್ಕೆ ಅಳಿಯಂದ್ರು ಬಂದಿದ್ರು. ನಾನು ಹೂವಿಗೆ ಅಂತ ಹೋಗಿದ್ದಾಗ ನಮ್ಮನೆಯವರು ಅಳಿಯನ ಮೇಲಿನ ಅಕ್ಕರೆಗೆ ನಿಮ್ಮ ಕಾವಲಿ ಮೇಲೆ… ಚಪಾತಿ ಬೇಯಿಸಿಬಿಟ್ರು!"

ಅಡುಗೆಮನೆಯಲ್ಲಿ ಅತ್ತೆಯವರ ಕೈಯಿಂದ ಲೋಟ ಬಿತ್ತು.

ದೋಸೆ ಕಾವಲಿಯ ಮೇಲೆ ಚಪಾತಿ! ಒಂದು ಸಲ ಚಪಾತಿ ಬೇಯಿಸಿದರೆ ಸಾಕು, ಆಮೇಲೆ ಹೊಯ್ದ ದೋಸೆಯೆಲ್ಲ ಅಂಟಿಕೊಂಡು ಚಿಂದಿಯಾಗುತ್ತದೆ. ನನಗೆ ಸಿಟ್ಟಿಗಿಂತ ಹೆಚ್ಚಾಗಿ ಅಳು ಬಂತು. ಯಂತ್ರ ಮಾತ್ರ ಅಳಿಯನ ಹೆಸರಿಗೂ ಒಂದು ನೋಟೀಸು ಎಸೆಯಿತು.

"ಅವತ್ತಿಂದ ದಿನಾ ಎಣ್ಣೆ ಸವರಿ, ಈರುಳ್ಳಿ ಉಜ್ಜಿ ಪಳಗಿಸ್ತಾನೇ ಇದ್ದೀನಿ. ಇವತ್ತೂ ದೋಸೆ ಹರಿದೇ ಹೋಯ್ತು. ಅಷ್ಟರಲ್ಲಿ ನಿಮ್ಮ ಈ ಹಾಳು ಡಬ್ಬ ನನ್ನ ಮಾನ ಕಳೀತು!" ಎಂದು ಅಂಬುಜಾಕ್ಷಿ ಯಂತ್ರದತ್ತ ಸೌಟು ಬೀಸಿದರು. ಇಷ್ಟು ಹೊತ್ತಿನ ಜಗಳಕ್ಕೆ ತಟ್ಟೆಯಿಂದ ಹೊಗೆ ಏಳುತ್ತಿತ್ತು. ಸೌಟಿನ ಹಿಟ್ಟೆಲ್ಲ ಅದರ ಮೇಲೆ ಬಿತ್ತು.

ಚುಂಯ್!

ಎಲ್ಲರೂ ತಟ್ಟೆಯತ್ತ ಬಗ್ಗಿದೆವು. ಹಿಟ್ಟು ಹರಡಿತು, ಅಂಚು ಕೆಂಪಗಾಯಿತು, ದೋಸೆ ತಾನಾಗಿ ಎದ್ದಿತು! ಒಂದು ಚೂರು ಮುರಿದು ಬಾಯಿಗಿಟ್ಟುಕೊಂಡೆ.

"ಅಮ್ಮನ ದೋಸೆಯ ಹಾಗೇ ಇದೆ," ಎಂದೆ. ಅಂಬುಜಾಕ್ಷಿ ನನ್ನ ಕೈ ಹಿಡಿದುಕೊಂಡರು.

ಎರಡನೆಯ ದೋಸೆ ಮಾತ್ರ ಅಂಟಿಕೊಂಡಿತು. ಮನೆಯಲ್ಲಿ ಶಾಂತಿ ನೆಲೆಸಿ ತಟ್ಟೆ ತಣ್ಣಗಾಗಿತ್ತು!

"ಯಾರಾದ್ರೂ ಏನಾದ್ರೂ ದೂರಿ, ಬೇಗ!" ಎಂದು ಯಜಮಾನರು ಕೂಗಿದರು.

"ಇಂದ್ರಾಣಿ ಸಾರಿಗೆ ಯಾವತ್ತೂ ಉಪ್ಪು ಕಮ್ಮಿ," ಎಂದರು ಅತ್ತೆಯವರು, ಸ್ವಲ್ಪವೂ ಯೋಚಿಸದೆ. ಚುಂಯ್!

ಅಂದಿನಿಂದ ಯಂತ್ರದ ಕಾಗದ ತೆಗೆದುಬಿಟ್ಟೆವು. ಅಂಬುಜಾಕ್ಷಿ ದಿನಾ ಬೆಳಗ್ಗೆ ಹಿಟ್ಟು ತರುತ್ತಾರೆ, ನಾನು ಚಟ್ನಿ ರುಬ್ಬುತ್ತೇನೆ. ತಲೆಗೆ ಮೂರು ದೋಸೆಯಾಗುವಷ್ಟು ಜಗಳವಾಡುತ್ತೇವೆ.

ನೋಟೀಸಿನ ಗಡುವು ಮುಗಿಯುವ ದಿನ ಅವರು ಕಾವಲಿ ತಂದು ಒಲೆಯ ಮೇಲಿಟ್ಟರು. ನಾನೇ ದೋಸೆ ಹೊಯ್ದೆ. ಅಮ್ಮನ ಕಾಲದಲ್ಲಿ ಏಳುತ್ತಿದ್ದಂತೆಯೇ ಎದ್ದಿತು.

"ಇನ್ನು ನಾಳೆಯಿಂದ ನಾನು ಬರೋ ಕೆಲಸ ಇಲ್ಲ ಅಲ್ವಾ?" ಎಂದರು ಅಂಬುಜಾಕ್ಷಿ, ಸೆರಗು ಹಿಂಡುತ್ತ.

ನಾನು ಒಂದು ಕ್ಷಣ ಕಾವಲಿ ನೋಡಿದೆ, ಅವರ ಮುಖ ನೋಡಿದೆ. "ಇನ್ನೂ ಒಂಚೂರು ಅಂಟುತ್ತೆ ಕಣ್ರೀ. ತಗೊಂಡ್ಹೋಗಿ ಇನ್ನೊಂದಷ್ಟು ದಿನ ಪಳಗಿಸಿ. ಅಲ್ಲೀವರೆಗೆ ಇಲ್ಲಿಗೇ ಬನ್ನಿ."

ಅವರು ಕಾವಲಿಯನ್ನು ಎದೆಗವುಚಿಕೊಂಡು ನಗುತ್ತ ಹೋದರು.

"ಎಲ್ಲೇ ಅಂಟಿತು? ಹೂವಿನ ಹಾಗೆ ಎದ್ದಿತಲ್ಲ!" ಎಂದರು ಯಜಮಾನರು.

"ನೀವು ಬಾಯಿ ಮುಚ್ಕೊಂಡು ಕೂತ್ಕೊಳ್ಳಿ!" ಎಂದು ಗದರಿದೆ. ಶಾಂತಿದೂತನ ತಟ್ಟೆ ಚೆನ್ನಾಗಿ ಕಾಯಿತು. ಇನ್ನೊಂದು ದೋಸೆ ಹೊಯ್ದೆ.